ನಮ್ಮ ಕುರಿಯ ರಕ್ತ ಏನಂತು?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಶಿರಹಟ್ಟಿ ತಾಲ್ಲೂಕು. ನಾನು, ನಮ್ಮಪ್ಪ, ಕಾಕಾ ಸೇರಿ 140 ಕುರಿ ಸಾಕಿದ್ದೇವೆ, 12 ಆಡೂ ಇವೆ. ಹೋದ ವರ್ಷ ಹಸ್ತ ಮಳೆ ಮುಗಿಯುವ ಹೊತ್ತಿಗೆ ಕುರಿಗಳ ಮಾರಿ ಬಾತು, ಮೂಗಿನಲ್ಲಿ ಸುಂಬಳ ಗಟ್ಟಿಯಾಗಿ, ಕುಂಟುತ್ತ ಕುಂಟುತ್ತ ಮೂರು ವಾರದಲ್ಲಿ 19 ಕುರಿ ಸತ್ತವು. ಆಡಿಗೆ ಏನೂ ಆಗಲಿಲ್ಲ. ಔಷಧಿ ಅಂಗಡಿಯಲ್ಲಿ ಕೊಟ್ಟ ಇಂಜೆಕ್ಷನ್ ಮಾಡಿಸಿದೆವು, ಗುಣ ಕಾಣಲಿಲ್ಲ. ಈಗ ಸಂಶೋಧಕರ ತಂಡವೊಂದು ಲಸಿಕೆ ಕಂಪನಿಯವರ ಜೊತೆ ಬಂದಿದೆ. ನಿಮ್ಮ ಹಿಂಡನ್ನು ಅಧ್ಯಯನಕ್ಕೆ ಕೊಡಿ, ಕಿವಿಗೆ ಓಲೆ ಹಾಕುತ್ತೇವೆ, ವರ್ಷಕ್ಕೆ ಮೂರು ಸಲ ರಕ್ತ ತೆಗೆಯುತ್ತೇವೆ, ಅರ್ಧ ಕುರಿಗಳಿಗೆ ಹೊಸ ಲಸಿಕೆ ಹಾಕುತ್ತೇವೆ ಅಂತ ಕೇಳುತ್ತಿದ್ದಾರೆ. ಕಾಕಾ ಬೇಡವೇ ಬೇಡ ಅನ್ನುತ್ತಾರೆ. ರಕ್ತ ತೆಗೆದರೆ ಕುರಿ ಸೊರಗುತ್ತವೆ, ಗಬ್ಬದವು ಕಂದು ಹಾಕುತ್ತವೆ, ಕಂಪನಿಯವರು ನಮ್ಮ ಕುರಿ ಮೇಲೆ ಪ್ರಯೋಗ ಮಾಡಿ ರೊಕ್ಕ ಮಾಡಿಕೊಳ್ಳುತ್ತಾರೆ ಅಂತ ಅವರ ವಾದ. ನಾವು ಒಪ್ಪಬೇಕೋ ಬೇಡವೋ?

ಉತ್ತರ: ಒಪ್ಪಿಕೊಳ್ಳಿ ಎಂದೇ ನನ್ನ ಸಲಹೆ. ಆದರೆ ಒಂದು ಮಾತು ಬರವಣಿಗೆಯಲ್ಲಿ ಸಿಗುವ ತನಕ ಸಹಿ ಹಾಕಬೇಡಿ. ನಿಮ್ಮ ಕುರಿಯಿಂದ ತೆಗೆದ ರಕ್ತ ಏನು ಹೇಳಿತು ಎನ್ನುವುದು ನಿಮ್ಮ ದೊಡ್ಡಿಗೆ ವಾಪಸ್ ಬರಬೇಕು, ಕನ್ನಡದಲ್ಲಿ ಬರಬೇಕು, ಮುಂದಿನ ಮಳೆಗಾಲಕ್ಕೆ ಮೊದಲೇ ಬರಬೇಕು. ಉಳಿದದ್ದನ್ನು ಕೂತು ಮಾತಾಡಿ ಹೊಂದಿಸಿಕೊಳ್ಳಬಹುದು. ಇದೊಂದನ್ನು ಮಾತ್ರ ಬಿಟ್ಟುಕೊಡಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು, ನಾನಿನ್ನೂ ಕೆಲಸಕ್ಕೆ ಹೊಸಬಳು. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಬಂದು ಬೀಡುಬಿಟ್ಟಿದ್ದ ಒಂದು ಹಿಂಡಿನಿಂದ ನಲವತ್ತು ಕುರಿಗಳ ರಕ್ತ ತೆಗೆದುಕೊಂಡು ಬಂದೆವು. ಹಿಂಡಿನ ಯಜಮಾನ ಎಪ್ಪತ್ತು ದಾಟಿದ ಅಜ್ಜ. ಒಂದೊಂದು ಕುರಿಯನ್ನೂ ತಾನೇ ಹಿಡಿದುಕೊಟ್ಟ, ಬಿಸಿಲೇರಿದ ಮೇಲೆ ಕುರಿ ಹಾಲಿನ ಚಹಾ ಕಾಸಿ ಕೊಟ್ಟ. ಮಾದರಿಗಳು ಪ್ರಯೋಗಾಲಯಕ್ಕೆ ಹೋದವು, ಅಂಕಿಗಳು ಕೋಷ್ಟಕಕ್ಕೆ ಹೋದವು, ಕೋಷ್ಟಕ ವರದಿಗೆ ಹೋಯಿತು. ಅಜ್ಜನ ಕಡೆಗೆ ಮಾತ್ರ ಏನೂ ಹೋಗಲಿಲ್ಲ. ಎರಡು ವರ್ಷದ ಮೇಲೆ ಹಾವೇರಿಯ ಜಾನುವಾರು ಸಂತೆಯಲ್ಲಿ ಎದುರಾದವನು ಕಂಬಳಿಯನ್ನು ಹೆಗಲಿಗೆ ಸರಿಸಿಕೊಂಡು ಕೇಳಿದ: “ಬಾಯಾರ, ನಮ್ಮ ಕುರಿ ರಕ್ತಾ ಒಯ್ದಿದ್ರೆಲಾ, ಅದು ಏನಂತು?”

ಅದರಲ್ಲಿ ಸಿಟ್ಟು ಇರಲಿಲ್ಲ. ಊರಿಗೆ ಹೋದವರ ಕೈಯಲ್ಲಿ ಮಗಳ ಸುದ್ದಿ ಕೇಳಿದ ಹಾಗೆ ಕೇಳಿದ. ನಾನು ನಿಂತಲ್ಲೇ ಬೆವೆತೆ. ಫಲಿತಾಂಶ ಇರಲಿಲ್ಲವೆಂದಲ್ಲ, ಕಡತದಲ್ಲಿ ಇತ್ತು. ನಲವತ್ತರಲ್ಲಿ ಹೆಚ್ಚಿನ ಕುರಿಗಳಿಗೆ ನೀಲಿ ನಾಲಿಗೆ ಎಂಬ ರೋಗದ ವೈರಸ್ ಮೊದಲೇ ತಗುಲಿತ್ತು. ಅದನ್ನು ಅವನ ಕೈಗೆ ಮುಟ್ಟಿಸುವುದೂ ನನ್ನ ಕೆಲಸ ಎಂದು ನನಗಾಗಲಿ ನನ್ನ ಮೇಲಿನವರಿಗಾಗಲಿ ಹೊಳೆದಿರಲಿಲ್ಲ. ಆ ಎರಡು ವರ್ಷದಲ್ಲಿ ಅವನು ಮತ್ತೆ ಕೆರೆಯಂಗಳದಲ್ಲಿ ಹಿಂಡು ತರುಬಿದ್ದ, ಮತ್ತೆ ಕುರಿ ಕಳೆದುಕೊಂಡಿದ್ದ. ಅಂದಿನಿಂದ ಯಾವ ಹಿಂಡಿಗೆ ಸೂಜಿ ತಾಗಿಸಿದರೂ, ಫಲಿತಾಂಶ ಹಿಡಿದು ತಿರುಗಿ ಬರುವ ದಿನವನ್ನು ಮೊದಲು ಹೇಳಿಯೇ ಕೆಲಸ ಶುರು ಮಾಡುತ್ತೇನೆ.

ಇನ್ನು ನಿಮ್ಮ ಕಾಕಾ ಅವರ ಮಾತಿಗೆ ಬರೋಣ. ಅವರ ಮೂರು ಅನುಮಾನಗಳಲ್ಲಿ ಒಂದು ತಪ್ಪು, ಒಂದು ಅರ್ಧ ಸರಿ, ಮೂರನೆಯದು ನೀವೆಲ್ಲ ಕೂತು ಯೋಚಿಸಬೇಕಾದದ್ದು.

ರಕ್ತ ತೆಗೆದರೆ ಕುರಿ ಸೊರಗುವುದಿಲ್ಲ. ಕುರಿಯ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 60 ಮಿಲಿಲೀಟರ್ ರಕ್ತ ಇರುತ್ತದೆ. 35 ಕಿಲೋದ ಕುರಿ ಎಂದರೆ ಎರಡು ಲೀಟರಿಗೂ ಮೇಲೆ. ಪರೀಕ್ಷೆಗೆ ಬೇಕಾದದ್ದು 5 ಮಿಲಿಲೀಟರ್, ಒಂದು ಚಹಾ ಚಮಚೆಯಷ್ಟು, ಅಂದರೆ ನಾನೂರರಲ್ಲಿ ಒಂದು ಪಾಲು. ಎರಡು ಕೊಳವೆ ತುಂಬಿದರೂ ಕುರಿಗೆ ಅದರ ಅರಿವಾಗುವುದಿಲ್ಲ. ಉಣ್ಣಿ ಮತ್ತು ಹೊಟ್ಟೆಯ ಜಂತು ಸೇರಿ ದಿನವೂ ಹೀರುವ ರಕ್ತದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಎಂದು ಬರೆಯುತ್ತೇನೆ, ಕಾಕಾ ಅವರಿಗೆ ಓದಿ ಹೇಳಿ. ಹಿಂಡು ಮೇಯಲು ಬಿಡುವ ಮೊದಲು, ತಂಪು ಹೊತ್ತಿನಲ್ಲೇ ಬರಲು ಅವರಿಗೆ ತಿಳಿಸಿ. ಒಬ್ಬರು ಕುರಿಯನ್ನು ಕಾಲ ಸಂದಿಯಲ್ಲಿ ಹಿಡಿದು, ಗದ್ದ ಎತ್ತಿ, ಮುಖವನ್ನು ತುಸು ಓರೆಗೆ ತಿರುಗಿಸುತ್ತಾರೆ. ರಕ್ತ ತೆಗೆಯುವವರು ಕೊರಳಿನ ಬದಿಯ ಉಣ್ಣೆ ಸರಿಸಿ, ಸ್ಪಿರಿಟ್ ಹತ್ತಿಯಿಂದ ಒರೆಸಿ, ಗಂಟಲ ಪಕ್ಕದ ತಗ್ಗಿನಲ್ಲಿ ಹೆಬ್ಬೆರಳು ಒತ್ತುತ್ತಾರೆ. ಎರಡು ಉಸಿರಿನಷ್ಟು ಹೊತ್ತಿಗೆ ರಕ್ತನಾಳ ಹುರಿಯ ಹಾಗೆ ಉಬ್ಬಿ ನಿಲ್ಲುತ್ತದೆ. ಸೂಜಿ ಹೋಗಬೇಕಾದದ್ದು ಅಲ್ಲಿಗೆ. ತೆಗೆದ ಮೇಲೆ ಹತ್ತಿಯಿಂದ ಒತ್ತಿ ಹಿಡಿದು ಬಿಟ್ಟರೆ ಕುರಿ ಮೈ ಜಾಡಿಸಿ ಹಿಂಡು ಸೇರುತ್ತದೆ. ಪಳಗಿದ ಕೈಗೆ ಒಂದು ನಿಮಿಷವೂ ಬೇಡ. ಕುರಿಗೊಂದು ಹೊಸ ಸೂಜಿ ಬಳಸುತ್ತಾರಾ ಎಂದು ನಿಂತು ನೋಡಿ. ಒಂದೇ ಸೂಜಿ ಹತ್ತು ಕುರಿಗೆ ಹೋಯಿತೆಂದರೆ ಅಲ್ಲೇ ಕೆಲಸ ನಿಲ್ಲಿಸಿ. ಒಂದರ ರೋಗವನ್ನು ಇನ್ನೊಂದಕ್ಕೆ ದಾಟಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಕೆಂಪು ಮುಚ್ಚಳದ ಕೊಳವೆಯನ್ನು ನೆರಳಿನಲ್ಲಿ ಓರೆಯಾಗಿ ಇಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟಿ, ಒಣಹುಲ್ಲಿನ ಬಣ್ಣದ ತಿಳಿ ಬೇರೆಯಾಗುತ್ತದೆ. ಅದೇ ಸೀರಂ. ಕುರಿ ಈ ಹಿಂದೆ ಯಾವ ಯಾವ ರೋಗದ ಜೊತೆ ಹೋರಾಡಿದೆ ಎಂಬ ಗುರುತು, ಅಂದರೆ ಪ್ರತಿಕಾಯ, ಅದರಲ್ಲಿ ಉಳಿದಿರುತ್ತದೆ. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಔಷಧ ಇರುತ್ತದೆ. ವೈರಸ್ ಈಗಲೂ ಮೈಯಲ್ಲಿದೆಯೇ ಎಂದು ಪಿಸಿಆರ್ ಎಂಬ ಪರೀಕ್ಷೆ ಮಾಡಿ ನೋಡುವುದು ಅದರಿಂದ. ನೀಲಿ ನಾಲಿಗೆಯ ವೈರಸ್ ಕೆಂಪು ರಕ್ತಕಣಕ್ಕೆ ಅಂಟಿಕೊಂಡು ಕೂರುವ ಕಾರಣ ಈ ಕೊಳವೆಯನ್ನು ತಣ್ಣಗಿಡಬೇಕೇ ಹೊರತು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಬಾರದು. ಮೂರು ಸಲ ಯಾಕೆ ಎಂದರೆ, ಅದೇ ಕುರಿಯ ಪ್ರತಿಕಾಯ ಲಸಿಕೆಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಏರಿತು, ರೋಗದ ಕಾಲ ಕಳೆದ ಮೇಲೆ ಎಷ್ಟು ಉಳಿಯಿತು ಎಂದು ಹೋಲಿಸಿ ನೋಡಬೇಕು. ಅದೇ ಕುರಿ ಎಂದು ಗೊತ್ತಾಗುವುದಕ್ಕೇ ಕಿವಿಯ ಓಲೆ. ನಿಮಗೆ ಮುಖ ನೋಡಿದರೆ ಸಾಕು, ಪ್ರಯೋಗಾಲಯದಲ್ಲಿ ಕೂತವರಿಗೆ ನಂಬರು ಬೇಕು. ಮಳೆಗಾಲದಲ್ಲಿ ಓಲೆ ಹಾಕಿದ ಗಾಯಕ್ಕೆ ಹುಳ ಬೀಳುತ್ತದೆ. ಬೇಸಿಗೆಯಲ್ಲೇ ಹಾಕಿಸಿ, ವಾರದ ತನಕ ಕಿವಿ ನೋಡುತ್ತಿರಿ.

ಗಬ್ಬದ ಕುರಿ ಕಂದು ಹಾಕುವ ಮಾತು ಅರ್ಧ ಸರಿ. ಸೂಜಿಯಿಂದ ಹಾಗಾಗುವುದಿಲ್ಲ, ಹಿಡಿಯುವ ಒರಟುತನದಿಂದ ಆಗುತ್ತದೆ. ಓಡಿಸಿ, ಕಾಲು ಹಿಡಿದು ಎಳೆದು, ನೆಲಕ್ಕೆ ಕೆಡವಿದರೆ ತುಂಬು ಗಬ್ಬದ ಕುರಿಗೆ ಅಪಾಯ ಖಂಡಿತ. ಕಾಕಾ ಅಂಥದ್ದನ್ನು ಎಲ್ಲೋ ಕಂಡೇ ಹೇಳುತ್ತಿರಬೇಕು. ಅದಕ್ಕೇ ಹಿಡಿಯುವ ಕೆಲಸ ನಿಮ್ಮ ಮನೆಯವರದೇ ಆಗಿರಲಿ, ಈಯಲು ತಿಂಗಳೊಳಗಿರುವ ಕುರಿಗಳನ್ನು ಅಧ್ಯಯನದಿಂದ ಹೊರಗಿಡಿ. ಹಾಕುವ ಲಸಿಕೆ ನಿರ್ಜೀವವೋ ಜೀವಂತವೋ, ಗಬ್ಬದ ಕುರಿಗಳಲ್ಲಿ ಅದನ್ನು ಪರೀಕ್ಷಿಸಿದ್ದಾರೋ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಈಗ ಹೋದ ವರ್ಷದ ಸಾವಿನ ವಿಷಯ. ದೂರದಿಂದ ರೋಗದ ಹೆಸರು ಹೇಳುವುದು ಸರಿಯಲ್ಲ. ಆದರೂ ನೀವು ಬರೆದ ಒಂದು ಸಣ್ಣ ಮಾತು ನನ್ನನ್ನು ಹಿಡಿದು ನಿಲ್ಲಿಸಿತು: “ಆಡಿಗೆ ಏನೂ ಆಗಲಿಲ್ಲ.” ಆಡು, ಕುರಿ ಎರಡಕ್ಕೂ ಬರುವ ಪಿಪಿಆರ್ ಎಂಬ ವೈರಸ್ ರೋಗ ಆಗಿದ್ದರೆ ಆಡುಗಳು ಸುಮ್ಮನೆ ಉಳಿಯುತ್ತಿರಲಿಲ್ಲ. ಕಣ್ಣು ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಉಬ್ಬಸ ಬಂದು ಕುರಿಗಿಂತ ಮೊದಲು ಅವೇ ಬೀಳುತ್ತಿದ್ದವು. ಸಿಡುಬಾಗಿದ್ದರೆ ಉಣ್ಣೆ ಇಲ್ಲದ ಜಾಗದಲ್ಲಿ, ಬಾಲದ ಅಡಿ, ತೊಡೆಯ ಸಂದಿಯಲ್ಲಿ ಗಂಟು ಕಾಣುತ್ತಿತ್ತು. ಮಾರಿ ಬಾತು, ಸುಂಬಳ ಗಟ್ಟಿಯಾಗಿ ಕುಂಟುವುದು, ಅದೂ ಹಸ್ತ ಮಳೆಯ ಹೊತ್ತಿಗೆ, ಕುರಿಗೆ ಮಾತ್ರ ಎಂದರೆ ನನ್ನ ಮೊದಲ ಅನುಮಾನ ನೀಲಿ ನಾಲಿಗೆಯ ಮೇಲೆ. ಹೆಸರು ಹಾಗಿದ್ದರೂ ನಾಲಿಗೆ ನೀಲಿಗಟ್ಟುವುದು ಕೆಲವೇ ಕುರಿಗಳಲ್ಲಿ. ನಾಲಿಗೆ ನೀಲಿ ಇಲ್ಲವೆಂದು ಈ ರೋಗವನ್ನು ಪಟ್ಟಿಯಿಂದ ತೆಗೆದುಹಾಕಿ ಮೋಸಹೋದವರನ್ನು ಬಹಳ ಕಂಡಿದ್ದೇನೆ. ಇದು ವೈರಸ್ ರೋಗ. ನೀವು ಮಾಡಿಸಿದ ಇಂಜೆಕ್ಷನ್ ಆ್ಯಂಟಿಬಯೋಟಿಕ್ ಆಗಿದ್ದರೆ ಅದು ವೈರಸ್ಸಿಗೆ ಏನೂ ಮಾಡಲಾರದು, ಮೇಲಿಂದ ಬರುವ ನ್ಯುಮೋನಿಯಾದಂಥದ್ದನ್ನು ತಡೆದೀತು ಅಷ್ಟೆ.

ಈ ರೋಗ ಕುರಿಯಿಂದ ಕುರಿಗೆ ಮೈ ತಾಗಿ ಹರಡುವುದಿಲ್ಲ. ಸೊಳ್ಳೆಗಿಂತ ಸಣ್ಣ, ಒಂದರಿಂದ ಮೂರು ಮಿಲಿಮೀಟರ್ ಉದ್ದದ ಕಚ್ಚುವ ನುಸಿಯೊಂದು ಇದನ್ನು ಹೊತ್ತು ತಿರುಗುತ್ತದೆ. ಸಗಣಿ, ಹಿಕ್ಕೆ ಬೆರೆತ ರಾಡಿಯಲ್ಲಿ ಮರಿ ಮಾಡುತ್ತದೆ, ಸಂಜೆ ಮಬ್ಬಾದ ಮೇಲೆ ಎದ್ದು ಬೆಳಗಿನ ತನಕ ಕಚ್ಚುತ್ತದೆ. ನಮ್ಮ ಎರೆ ಹೊಲದಲ್ಲಿ ಉತ್ತರಿ, ಹಸ್ತ ಮಳೆ ಹಿಡಿದು ಸುರಿದರೆ ದೊಡ್ಡಿಯ ಸುತ್ತ ಆ ರಾಡಿಗೆ ಏನು ಬರ? ಮಳೆ ನಿಂತು ನಾಲ್ಕು ದಿನ ಬಿಸಿಲು ಕಾದರೆ ನುಸಿ ಮೋಡದ ಹಾಗೆ ಏಳುತ್ತದೆ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ದನ, ಎಮ್ಮೆಗಳ ಮೈಯಲ್ಲಿ ಈ ವೈರಸ್ ಯಾವ ಲಕ್ಷಣವನ್ನೂ ತೋರಿಸದೆ ವಾರಗಟ್ಟಲೆ ಇರಬಲ್ಲದು. ದನದ ಕೊಟ್ಟಿಗೆಗೆ ಹತ್ತಿಕೊಂಡೇ ಕುರಿ ದೊಡ್ಡಿ ಇದ್ದರೆ ನುಸಿಗೆ ಅಲ್ಲಿಂದ ಇಲ್ಲಿಗೆ ಹಾರುವುದು ಎಷ್ಟು ಹೊತ್ತಿನ ಕೆಲಸ? ಸಂಶೋಧಕರು ನಿಮ್ಮ ಎತ್ತು, ಆಕಳ ರಕ್ತವನ್ನೂ ಕೇಳಿದರೆ ಕಾರಣ ಇದೇ, ಅನುಮಾನ ಪಡಬೇಡಿ.

ಕಂಪನಿಯವರಿಗೆ ನಿಮ್ಮ ಹಿಂಡೇ ಯಾಕೆ ಬೇಕಾಯಿತು? ನೀಲಿ ನಾಲಿಗೆಯ ವೈರಸ್ ಒಂದೇ ಬಗೆಯದಲ್ಲ. ಜಗತ್ತಿನಲ್ಲಿ 24ಕ್ಕೂ ಹೆಚ್ಚು ಬಗೆ ಗುರುತಿಸಿದ್ದಾರೆ, ಒಂದು ಬಗೆಗೆ ಮಾಡಿದ ಲಸಿಕೆ ಇನ್ನೊಂದನ್ನು ಚೆನ್ನಾಗಿ ತಡೆಯುವುದಿಲ್ಲ. ನಮ್ಮ ದೇಶದಲ್ಲಿ 2015ರಲ್ಲಿ ಮಾರುಕಟ್ಟೆಗೆ ಬಂದ ನಿರ್ಜೀವ ಲಸಿಕೆಯಲ್ಲಿ 1, 2, 10, 16, 23 ಎಂಬ ಐದು ಬಗೆಗಳಿವೆ. ಅದನ್ನು ರೂಪಿಸಿದ್ದು ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್. ಈ ಐದು ಬಗೆ ಎಂದು ಗೊತ್ತಾದದ್ದು ರೋಗ ಬಿದ್ದ ಹಿಂಡುಗಳ ರಕ್ತದಿಂದ. ಶಿರಹಟ್ಟಿಯ ದೊಡ್ಡಿಯಲ್ಲಿ ಆರನೆಯದೊಂದು ಬಗೆ ಓಡಾಡುತ್ತಿದ್ದರೆ, ಶಿರಹಟ್ಟಿಯ ಕುರಿಯೇ ಅದನ್ನು ಹೇಳಬೇಕು.

ಕಂಪನಿ ರೊಕ್ಕ ಮಾಡಿಕೊಳ್ಳುತ್ತದೆ ಎಂಬುದು ನಿಜ. ಅದನ್ನು ಮುಚ್ಚಿಡುವ ಸಂಶೋಧಕರನ್ನು ನಂಬಬೇಡಿ, ಒಪ್ಪಿಕೊಂಡು ಮಾತಾಡುವವರನ್ನು ಕೂರಿಸಿ ಕೇಳಿ. ಕಂಪನಿ ಇಲ್ಲದೆ ಕೆಲಸ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾವು 2022ರಲ್ಲಿ ಕಣ್ಣಾರೆ ಕಂಡೆವು. ದನಗಳ ಚರ್ಮಗಂಟು ರೋಗ ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡಿತು. ಹಿಸಾರದ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದವರು ಆ ವರ್ಷವೇ ರಾಂಚಿಯ ದನಗಳಿಂದ ವೈರಸ್ ತೆಗೆದು, ಪ್ರಯೋಗಾಲಯದ ಜೀವಕೋಶಗಳಲ್ಲಿ ಐವತ್ತು ಸಲ ಬೆಳೆಸಿ ಅದರ ಕಸುವು ಕುಗ್ಗಿಸಿ, ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಲಸಿಕೆ ಸಿದ್ಧಮಾಡಿದರು. ಆಗಸ್ಟ್ 2022ರಲ್ಲಿ ಅದರ ಬಿಡುಗಡೆಯೂ ಆಯಿತು. ಆದರೆ ಬಿಡುಗಡೆಯಾದದ್ದು ತಂತ್ರಜ್ಞಾನ. ಲಕ್ಷಗಟ್ಟಲೆ ಬಾಟಲಿ ತುಂಬುವ ಕಾರ್ಖಾನೆ, ಪ್ರತಿ ತಂಡದ ಗುಣಮಟ್ಟದ ಪರೀಕ್ಷೆ, ಪರವಾನಗಿ ಇನ್ನೂ ಆಗಬೇಕಿತ್ತು. ಎರಡೇ ತಿಂಗಳಲ್ಲಿ ರೋಗ ಹಾವೇರಿ, ಗದಗ, ಧಾರವಾಡದ ಕೊಟ್ಟಿಗೆಗಳಿಗೆ ಬಂತು. ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ದೀಪಾವಳಿಗೆಂದು ಸಾಕಿದ ಹೋರಿಗಳ ಮೈತುಂಬ ಗಂಟೆದ್ದು ಮನೆಯವರು ಊಟ ಬಿಟ್ಟು ಕೂತದ್ದನ್ನು ನಾನೇ ಕಂಡಿದ್ದೇನೆ. ಆಗ ನಮ್ಮ ಕೈಲಿದ್ದದ್ದು ಮೇಕೆ ಸಿಡುಬಿನ ಲಸಿಕೆ. ವೈರಸ್ ಅದೇ ಕುಲದ್ದಾದ್ದರಿಂದ ತಕ್ಕಮಟ್ಟಿಗೆ ಕೆಲಸ ಮಾಡಿತು, ಅದನ್ನೇ ಹಾಕಿದೆವು. ಈ ರೋಗಕ್ಕೆಂದೇ ಮಾಡಿದ ಲಸಿಕೆಗೆ ಕೋಲಾರ ಜಿಲ್ಲೆ ಮಾಲೂರಿನ ಬಯೋವೆಟ್ ಕಂಪನಿ ಪರವಾನಗಿ ಪಡೆದದ್ದು ಫೆಬ್ರುವರಿ 2025ರಲ್ಲಿ. ರಾಂಚಿಯ ದನದ ಗಂಟಿನಿಂದ ಮಾಲೂರಿನ ಬಾಟಲಿಗೆ ಐದು ವರ್ಷಕ್ಕೂ ಮೇಲೆ ಹಿಡಿಯಿತು. ಈ ದಾರಿ ಇನ್ನಷ್ಟು ಮೊಟಕಾಗಬೇಕಿತ್ತು ಎಂಬ ನೋವು ನನಗೆ ಇಂದಿಗೂ ಇದೆ. ಪ್ರಯೋಗಾಲಯ, ಕಾರ್ಖಾನೆ, ದೊಡ್ಡಿ ಮೂರೂ ಮೊದಲ ದಿನದಿಂದ ಒಟ್ಟಿಗೆ ಇದ್ದರೆ ಮಾತ್ರ ಅದು ಮೊಟಕಾಗುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಹೊಸ ಪಶು ಲಸಿಕೆಯನ್ನು ರೈತರ ಹಿಂಡಿನಲ್ಲಿ ಪರೀಕ್ಷಿಸಲು ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು. ಆ ಅನುಮತಿಯ ಪ್ರತಿ ತೋರಿಸಿ ಎನ್ನಿ. ಕೇಳುವುದಕ್ಕೆ ಸಂಕೋಚ ಬೇಡ, ಸರಿಯಾದ ತಂಡದವರ ಚೀಲದಲ್ಲಿ ಅದು ಇದ್ದೇ ಇರುತ್ತದೆ. ಆಮೇಲೆ ಅರ್ಧ ಕುರಿಗೆ ಲಸಿಕೆ, ಅರ್ಧಕ್ಕೆ ಇಲ್ಲ ಎಂಬ ಮಾತು. ಎಲ್ಲಕ್ಕೂ ಹಾಕಿ, ಒಂದೂ ಸಾಯಲಿಲ್ಲ ಎಂದಿಟ್ಟುಕೊಳ್ಳಿ. ಅದು ಲಸಿಕೆಯಿಂದಲೋ, ಆ ವರ್ಷ ನುಸಿಯೇ ಕಡಿಮೆಯಿತ್ತೋ, ಯಾರು ಹೇಳುವುದು? ಹೋಲಿಸಲು ಇನ್ನೊಂದು ಅರ್ಧ ಬೇಕೇ ಬೇಕು. ಆದರೆ ಆ ಅರ್ಧವೂ ನಿಮ್ಮ ಅನ್ನವೇ. ಆ ಗುಂಪಿಗೆ ಈಗಾಗಲೇ ಪರವಾನಗಿ ಇರುವ ಲಸಿಕೆ ಹಾಕುತ್ತಾರೋ ಅಥವಾ ಏನನ್ನೂ ಹಾಕುವುದಿಲ್ಲವೋ? ಹಿಂಡಿನಲ್ಲಿ ರೋಗ ಕಾಣಿಸಿದ ದಿನ ಚಿಕಿತ್ಸೆಗೆ ಯಾರು ಬರುತ್ತಾರೆ, ಖರ್ಚು ಯಾರದು? ಅಧ್ಯಯನದ ಕುರಿ ಸತ್ತರೆ ಎಷ್ಟು ಪರಿಹಾರ, ಎಷ್ಟು ದಿನದಲ್ಲಿ? ಸಾವಿಗೆ ಲಸಿಕೆಯೇ ಕಾರಣವೋ ಅಲ್ಲವೋ ಎಂದು ತೀರ್ಮಾನಿಸುವವರು ಕಂಪನಿಯವರೇ ಆಗಬಾರದು, ಹೊರಗಿನ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು. ಲಸಿಕೆ ಹಾಕಿದ ಮೇಲೆ ಎಷ್ಟು ದಿನ ಮಾಂಸಕ್ಕೆ ಮಾರುವ ಹಾಗಿಲ್ಲ ಎಂಬುದನ್ನು ಮರೆಯದೆ ಕೇಳಿ. ಬಕ್ರೀದ್ ಹದಿನೈದು ದಿನ ಇದೆ ಎನ್ನುವಾಗ ಟಗರು ಮಾರುವ ಹಾಗಿಲ್ಲ ಎಂದು ಗೊತ್ತಾದರೆ ವರ್ಷದ ಲೆಕ್ಕವೇ ಏರುಪೇರು. ಮತ್ತೆ, ನಡುವೆ ಬೇಡವೆನಿಸಿದರೆ ಯಾವ ದಿನವಾದರೂ ಹೊರಬರುವ ಹಕ್ಕು ನಿಮ್ಮದು ಎಂದು ಬರೆದಿರಬೇಕು.

ಫಲಿತಾಂಶ ಕೈಗೆ ಬಂದಾಗ ಅದನ್ನು ಓದುವ ಬಗೆಯನ್ನೂ ಹೇಳಿಬಿಡುತ್ತೇನೆ. ‘ಪಾಸಿಟಿವ್’ ಎಂದು ಕಂಡಕೂಡಲೇ ಕುರಿಯನ್ನು ಸಂತೆಗೆ ಹೊಡೆಯಬೇಡಿ. ಎಲೈಸಾ ಎಂಬ ಪರೀಕ್ಷೆಯಲ್ಲಿ ಪಾಸಿಟಿವ್ ಎಂದರೆ ಕುರಿಯಲ್ಲಿ ಪ್ರತಿಕಾಯ ಇದೆ ಎಂದು. ಅದು ಹಳೆಯ ಸೋಂಕಿನಿಂದ ಬಂದಿರಬಹುದು, ಲಸಿಕೆಯಿಂದ ಬಂದಿರಬಹುದು. ಹೋದ ವರ್ಷ ರೋಗ ಬಂದೂ ಬದುಕಿ ಉಳಿದ ನಿಮ್ಮ ಕುರಿಗಳೆಲ್ಲ ಪಾಸಿಟಿವ್ ಬರುವ ಸಾಧ್ಯತೆಯೇ ಹೆಚ್ಚು, ಆ ಬಗೆಯ ವೈರಸ್ಸಿನ ಎದುರು ಅವು ನಿಮ್ಮ ಹಿಂಡಿನ ಗಟ್ಟಿ ಕುರಿಗಳು. ಬೆದರಬೇಕಾದದ್ದು ನೆಗೆಟಿವ್ ಬಂದ ಹೊಸ ಮರಿಗಳ ಬಗ್ಗೆ. ಲಸಿಕೆ ಮೊದಲು ಸೇರಬೇಕಾದದ್ದು ಅವಕ್ಕೆ. ಇದನ್ನು ಬಿಡಿಸಿ ಹೇಳದೆ ಬರಿಯ ಕಾಗದ ಕೊಟ್ಟುಹೋದರೆ ಅದೂ ಅರ್ಧ ಕೆಲಸವೇ. ಅದಕ್ಕೇ ಒಬ್ಬರು ಬಂದು ದೊಡ್ಡಿಯಲ್ಲಿ ಕೂತು ಓದಿ ಹೇಳಬೇಕು ಎಂದು ಕೇಳಿ.

ಇಷ್ಟು ಹೊತ್ತು ನೀವು ಅವರಿಂದ ಕೇಳಬೇಕಾದದ್ದನ್ನು ಹೇಳಿದೆ. ನಿಮ್ಮಲ್ಲಿಯೂ ಅವರಿಗೆ ಬೇಕಾದ ವಸ್ತುವೊಂದಿದೆ, ಅದು ರಕ್ತಕ್ಕಿಂತ ದೊಡ್ಡದು. ಆ ರಾಣೆಬೆನ್ನೂರಿನ ಅಜ್ಜ ಸಂತೆಯಲ್ಲೇ ನನಗೆ ಇನ್ನೊಂದು ಮಾತು ಹೇಳಿದ್ದ: “ಕೆರಿ ಅಂಗಳದಾಗ ತರುಬಿದ ರಾತ್ರಿಯಿಂದ ಎಣಸ್ರಿ, ಎಂಟ ಹತ್ತ ದಿನಕ್ಕ ಮೊದಲ್ನೇ ಕುರಿ ಕುಂಟತೈತಿ.” ನುಸಿ ಕಚ್ಚಿದ ಮೇಲೆ ರೋಗ ಹೊರಗೆ ಕಾಣಿಸಲು ವಾರದಿಂದ ಹತ್ತು ದಿನ ಬೇಕು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅಕ್ಷರ ಗೊತ್ತಿಲ್ಲದ ಅವನು ಬೆರಳಲ್ಲಿ ಎಣಿಸಿ ಅದೇ ಲೆಕ್ಕ ಕೊಟ್ಟಿದ್ದ, ಜೊತೆಗೆ ಪುಸ್ತಕದಲ್ಲಿ ಇಲ್ಲದ ಜಾಗದ ಗುರುತನ್ನೂ ಕೊಟ್ಟಿದ್ದ. ದನಗಳ ದೊಡ್ಡ ರೋಗ (ರಿಂಡರ್‌ಪೆಸ್ಟ್) ಜಗತ್ತಿನಿಂದಲೇ ಹೋಯಿತು ಎಂದು 2011ರಲ್ಲಿ ಘೋಷಿಸಿದರಲ್ಲ, ಅದರ ಕೊನೆಯ ಬೇರು ಇದ್ದದ್ದು ಪೂರ್ವ ಆಫ್ರಿಕಾದ ಅಲೆಮಾರಿ ದನಗಾಹಿಗಳ ಹಿಂಡುಗಳಲ್ಲಿ. ವಿಜ್ಞಾನಿಗಳು ಅವರ ಜೊತೆ ಕೂತು, ಅವರ ಭಾಷೆಯಲ್ಲಿ ಬೇನೆಗೆ ಏನನ್ನುತ್ತಾರೆ, ಯಾವ ದಾರಿಯಲ್ಲಿ ಯಾವ ತಿಂಗಳಲ್ಲಿ ಕಂಡಿರಿ ಎಂದು ಕೇಳಿ ಕೇಳಿಯೇ ಅದನ್ನು ಹುಡುಕಿದರು. ಬಿಸಿಲಿಗೆ ಬೇಗ ಕೆಡದ ಲಸಿಕೆ ಬಂದ ಮೇಲೆ ದನಗಾಹಿಗಳ ಪೈಕಿಯವರೇ ಕಲಿತು ಲಸಿಕೆ ಹಾಕಿದರು. ಪ್ರಯೋಗಾಲಯ ಒಂದರಿಂದಲೇ ಆ ಕೆಲಸ ಆಗುತ್ತಿರಲಿಲ್ಲ.

ಆದ್ದರಿಂದ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಯಾವ ದಿನ ಎಲ್ಲಿ ತರುಬಿದಿರಿ, ಕಪ್ಪತಗುಡ್ಡದ ಸೆರಗಿನಲ್ಲೋ, ಹಳ್ಳದ ದಂಡೆಯಲ್ಲೋ, ಯಾರ ಹೊಲದಲ್ಲೋ, ಮಳೆ ಎಷ್ಟು, ಯಾವ ಕುರಿ ಮೊದಲು ಮೇವು ಬಿಟ್ಟಿತು, ಸಂತೆಯಿಂದ ಹೊಸ ಕುರಿ ಯಾವಾಗ ಬಂತು. ಕಾಕಾ ಹೇಳಲಿ, ನೀವು ಬರೆಯಿರಿ. ಬೇಡವೆನ್ನುತ್ತಿರುವವರ ಕೈಗೇ ಈ ಕೆಲಸ ಕೊಟ್ಟು ನೋಡಿ, ಅಧ್ಯಯನಕ್ಕೆ ಅವರಿಗಿಂತ ದೊಡ್ಡ ಆಸ್ತಿ ಇಲ್ಲ. ಇನ್ನೊಂದು ಬೇಸರದ ಮಾತು: ನಿಮ್ಮ 19 ಕುರಿಗಳ ಸಾವನ್ನು ಪಶು ಆಸ್ಪತ್ರೆಗೆ ತಿಳಿಸಿದ ಬಗ್ಗೆ ನೀವು ಏನೂ ಬರೆದಿಲ್ಲ. ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ಜಾಡು ಹಿಡಿಯುವ ನಿವೇದಿ ಎಂಬ ಸಂಸ್ಥೆ ಯಾವ ಜಿಲ್ಲೆಗೆ ಯಾವ ರೋಗ ಬರಬಹುದೆಂದು ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತದೆ. ಹಿಂದೆ ಎಲ್ಲೆಲ್ಲಿ ರೋಗ ಬಿತ್ತು ಎಂಬ ದಾಖಲೆ, ಮಳೆ, ಬಿಸಿಲು, ತೇವದ ಲೆಕ್ಕ ಸೇರಿ ಆ ಮುನ್ಸೂಚನೆ ಆಗುತ್ತದೆ. ದಾಖಲಾಗದ ಸಾವು ಅಲ್ಲಿ ಆಗೇ ಇಲ್ಲ. ನಿಮ್ಮ ದೊಡ್ಡಿಯಲ್ಲಿ ಹತ್ತೊಂಬತ್ತು ಹೆಣ ಬಿದ್ದರೂ ಅವರ ನಕ್ಷೆಯಲ್ಲಿ ನಿಮ್ಮ ಊರು ಖಾಲಿ.

ಅಧ್ಯಯನಕ್ಕೆ ಒಪ್ಪಿದರೂ ಬಿಟ್ಟರೂ ಈ ವರ್ಷ ಕಾಯಬಾರದ ಕೆಲಸಗಳಿವೆ. ಕರುಳು ಬೇನೆಯ ಲಸಿಕೆ ರೋಹಿಣಿ ಮಳೆಗೆ ಮೊದಲೇ ಆಗಬೇಕು. ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆತುಂಬ ತಿಂದ ದಷ್ಟಪುಷ್ಟ ಮರಿಗಳನ್ನೇ ಆ ರೋಗ ರಾತ್ರೋರಾತ್ರಿ ಒಯ್ಯುತ್ತದೆ. ಪಿಪಿಆರ್ ಲಸಿಕೆ ಸರ್ಕಾರದಿಂದ ಉಚಿತ, ನಾಲ್ಕು ತಿಂಗಳು ತುಂಬಿದ ಮರಿಗಳಿಗೆ ಹಾಕಿಸಿದರೆ ಮೂರು ವರ್ಷ ನಿಶ್ಚಿಂತೆ. ನೀಲಿ ನಾಲಿಗೆಯ ಲಸಿಕೆ ರಕ್ಷಣೆ ಕೊಡಲು ಕೆಲವು ವಾರ ಬೇಕು, ಹುಬ್ಬೆ ಮಳೆಗೆ ಮೊದಲೇ ಮುಗಿಸಿರಿ. ಹುಬ್ಬೆಯಿಂದ ಸ್ವಾತಿಯ ತನಕ ಸಂಜೆ ಮುಂಚೆ ಹಿಂಡನ್ನು ಎತ್ತರದ ಒಣ ನೆಲಕ್ಕೆ ಏರಿಸಿ, ಗಾಳಿ ಆಡುವ ಕಡೆ ತರುಬಿ. ನುಸಿ ಗಾಳಿಗೆ ನಿಲ್ಲದು. ದೊಡ್ಡಿಯ ಸುತ್ತ ಬೇವಿನ ಹೊಗೆ ಹಾಕಿ, ಹಿಕ್ಕೆ ರಾಡಿಯನ್ನು ವಾರಕ್ಕೊಮ್ಮೆ ಎಳೆದು ಹಾಕಿ.

ಕುರಿ ಸತ್ತರೆ ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ. ನಮ್ಮ ಬಿಸಿಲಿಗೆ ನಾಲ್ಕಾರು ತಾಸಿನಲ್ಲಿ ಒಳಗಿನದೆಲ್ಲ ಕೊಳೆತು ಪರೀಕ್ಷೆ ವ್ಯರ್ಥವಾಗುತ್ತದೆ. ಕಾಯಿಲೆಬಿದ್ದದ್ದನ್ನು ತರಲಾಗದಿದ್ದರೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ. ಗದಗದ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ತಿರವೇ ಇದೆ. ಆದರೆ ಒಂದು ಎಚ್ಚರಿಕೆ: ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಕಪ್ಪು ರಕ್ತ ಹೆಪ್ಪುಗಟ್ಟದೆ ಸೋರುತ್ತಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ನಾಯಿ ಮುಟ್ಟದ ಹಾಗೆ ಕಾಯ್ದು ವೈದ್ಯರನ್ನು ಕರೆಸಿ. ಅದು ಮನುಷ್ಯರಿಗೂ ಬರುತ್ತದೆ. ಕಂದು ಹಾಕಿದ ಕುರಿಯ ಮಾಸನ್ನೂ ಬರಿಗೈಯಲ್ಲಿ ಎತ್ತಬೇಡಿ, ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡಾದರೂ ಎತ್ತಿ ಆಳವಾಗಿ ಹೂಳಿ. ಮನೆಯಲ್ಲಿ ಯಾರಿಗಾದರೂ ಬಂದು ಹೋಗುವ ಜ್ವರ, ಕೀಲು ನೋವು ಇದ್ದರೆ ಕುರಿ ಸಾಕುತ್ತೇವೆ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ತಂಡದವರು ಒಪ್ಪಂದದ ಕಾಗದ ತಂದಾಗ ಅಪ್ಪ, ಕಾಕಾ ಇಬ್ಬರ ಎದುರು ಗಟ್ಟಿಯಾಗಿ ಓದಿಸಿ. ಫಲಿತಾಂಶ ತಿರುಗಿ ಕೊಡುವ ದಿನಾಂಕದ ಜಾಗ ಖಾಲಿ ಇದ್ದರೆ ಅವರೇ ಪೆನ್ನು ಹಿಡಿದು ತುಂಬಲಿ. ಸಹಿಗೆ ಮೊದಲು ಅದರ ಫೋಟೊ ನನಗೆ ಕಳಿಸಿ, ಓದಿ ಹೇಳುತ್ತೇನೆ.